ಬೆಕ್ಕಿನ ಬಾಯಿಂದ ಜೊಲ್ಲು ಸುರಿಯುತ್ತಿದ್ದರೆ: ಸಾಕಿದವರ ಅನುಭವಗಳು

ಪ್ರಶ್ನೆ, ಯಾದಗಿರಿಯಿಂದ:
ನಮ್ಮ ಎಂಟು ವರ್ಷದ ಗಂಡು ಬೆಕ್ಕಿಗೆ ಕೆಲವು ವಾರಗಳಿಂದ ಜೊಲ್ಲು ಸುರಿಯುತ್ತಿದ್ದು, ಗದ್ದದ ಕೂದಲು ಸದಾ ಒದ್ದೆಯಾಗಿರುತ್ತದೆ. ಹಸಿವಿನಿಂದ ಓಡಿಬಂದರೂ ತಟ್ಟೆಯನ್ನು ಮೂಸಿ ಹಿಂದೆ ಸರಿಯುತ್ತದೆ. ಇಂಥ ತೊಂದರೆ ಕಂಡವರು ಏನು ಮಾಡಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ, ಕಲಬುರಗಿಯಿಂದ:
ಅಕ್ಕಾವರೇ, ತಾವು ಬರೆದ ಲಕ್ಷಣಗಳನ್ನು ನೋಡಿದರೆ ಮೊದಲ ಅನುಮಾನ ಬಾಯಿಯ ಮೇಲೆಯೇ ಬರುತ್ತದೆ. ಹಸಿವಿದ್ದೂ ತಿನ್ನಲಾಗದಿರುವುದು ಬಾಯಿನೋವಿನ ಗುರುತು; ಹಸಿವೇ ಇಲ್ಲದೆ ಜೊಲ್ಲು ಬರುತ್ತಿದ್ದರೆ ವಾಕರಿಕೆ ಅಥವಾ ಮೂತ್ರಪಿಂಡದ ತೊಂದರೆಯನ್ನೂ ಯೋಚಿಸಬೇಕಾಗುತ್ತದೆ. ನಮ್ಮ ಬೆಕ್ಕು ಮೀನಿನ ತುಂಡನ್ನು ಒಂದೇ ಕಡೆಯಿಂದ ಕಚ್ಚಿ, ತಲೆ ಕೊಡವಿ, ಕೆಳಗೆ ಬೀಳಿಸುತ್ತಿತ್ತು. ತುಟಿಯನ್ನು ಮೆಲ್ಲಗೆ ಎತ್ತಿ ನೋಡಿದಾಗ ದವಡೆ ಹಲ್ಲಿನ ಬುಡದಲ್ಲಿ ವಸಡು ಕೆಂಪು ಗೆರೆ ಎಳೆದಂತೆ ಊದಿಕೊಂಡಿತ್ತು, ದುರ್ವಾಸನೆಯೂ ಇತ್ತು. ವೈದ್ಯರು ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಯಲು ರಕ್ತ ಪರೀಕ್ಷೆ ಮಾಡಿಸಿ, ನಂತರ ಅರಿವಳಿಕೆ ಕೊಟ್ಟು ಹಲ್ಲಿನ ಪಾಚಿಯನ್ನು ತೆಗೆದರು. ಒಂದು ಹಲ್ಲು ತಾನಾಗಿಯೇ ಬುಡದಿಂದ ಕರಗುತ್ತಿತ್ತು. ಈ ತೊಂದರೆ ಬೆಕ್ಕುಗಳಲ್ಲಿ ಸಾಮಾನ್ಯ, ಅಂಥ ಹಲ್ಲನ್ನು ತುಂಬಿಸಿ ಉಳಿಸಲಾಗುವುದಿಲ್ಲ, ಕೀಳಲೇಬೇಕು. ಬಾಯಿಯೆಲ್ಲ ಹುಣ್ಣಾಗುವ ಹಠಮಾರಿ ಉರಿಯೂತವಿದ್ದರೆ ಹೆಚ್ಚಿನ ಹಲ್ಲುಗಳನ್ನೇ ಕಿತ್ತುಬಿಡುವುದುಂಟು; ಕೇಳಲು ಕ್ರೂರವೆನಿಸಿದರೂ ಹಲ್ಲಿಲ್ಲದ ಬೆಕ್ಕು ನೆಮ್ಮದಿಯಿಂದ ಉಣ್ಣುತ್ತದೆ. ನಾವು ಬೇಯಿಸಿದ ಕೋಳಿಯನ್ನು ಅನ್ನದೊಡನೆ ಕಿವುಚಿ ಕೊಡುತ್ತಿದ್ದೆವು.

ಒಂದು ಎಚ್ಚರಿಕೆ: ನೋವು ಕಡಿಮೆಯಾಗಲೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ. ಅರ್ಧ ಮಾತ್ರೆಯೂ ಬೆಕ್ಕಿನ ಪ್ರಾಣ ತೆಗೆಯಬಹುದು.

ಉತ್ತರ, ಬೀದರ್‌ನಿಂದ:
ಮೇಲಿನವರು ಹೇಳಿದ್ದು ನಿಧಾನವಾಗಿ ಬರುವ ಜೊಲ್ಲಿನ ಮಾತು. ಇದ್ದಕ್ಕಿದ್ದಂತೆ ನೊರೆ ಸಮೇತ ಜೊಲ್ಲು ಸುರಿದು ಮೈ ನಡುಗಿದರೆ ವಿಷವೆಂದೇ ತಿಳಿದು ಅದೇ ದಿನ, ಸಾಧ್ಯವಾದರೆ ಅದೇ ಗಳಿಗೆ, ವೈದ್ಯರಲ್ಲಿಗೆ ಒಯ್ಯಬೇಕು. ನಮ್ಮ ನೆರೆಮನೆಯವರು ನಾಯಿಯ ಉಣ್ಣೆಗೆ ತಂದ ಪರ್ಮೆತ್ರಿನ್ ಔಷಧಿಯನ್ನು ಬೆಕ್ಕಿನ ಬೆನ್ನಿಗೂ ಹಚ್ಚಿದ್ದರು. ಬೆಕ್ಕಿನ ಯಕೃತ್ತಿಗೆ ಅದನ್ನು ಅರಗಿಸುವ ಶಕ್ತಿ ತೀರಾ ಕಡಿಮೆ. ಉಗುರು ಬೆಚ್ಚಗಿನ ನೀರಿನಲ್ಲಿ ಸೋಪು ಹಚ್ಚಿ ತೊಳೆದು, ಔಷಧಿಯ ಪೊಟ್ಟಣವನ್ನೂ ಹಿಡಿದುಕೊಂಡು ಹೋಗಿದ್ದರಿಂದ ಚಿಕಿತ್ಸೆ ಬೇಗ ಆರಂಭವಾಯಿತು. ನಮ್ಮ ಕಡೆ ತೊಗರಿಗೆ ಔಷಧ ಹೊಡೆಯುವ ಕಾಲದಲ್ಲಿ ಹೊಲ ಸುತ್ತಿ ಬಂದ ಬೆಕ್ಕು ಮೈ ನೆಕ್ಕಿಕೊಂಡೂ ಹೀಗಾಗಬಹುದು. ಕೆಲವು ಕೀಟನಾಶಕಗಳ ವಿಷವನ್ನು ತಡೆಯಲು ಅಟ್ರೋಪಿನ್ ಎಂಬ ಇಂಜೆಕ್ಷನ್ ಇರುವುದರಿಂದ ಯಾವ ಔಷಧವೆಂದು ಹೇಳುವುದು ಮುಖ್ಯ. ಇಲ್ಲಿನ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇರುವುದು ನಮಗೆ ದೊಡ್ಡ ಅನುಕೂಲ.

ನಾಲಿಗೆಯ ಬುಡಕ್ಕೆ ಹೊಲಿಗೆ ದಾರ ಸುತ್ತಿಕೊಂಡದ್ದು ಕಂಡರೆ ಎಳೆಯಬೇಡಿ. ಇನ್ನೊಂದು ತುದಿ ಕರುಳಿನಲ್ಲಿದ್ದರೆ ಕರುಳೇ ಕತ್ತರಿಸೀತು.

ಉತ್ತರ, ಕಲಬುರಗಿಯಿಂದ:
ಮಡಿಲಲ್ಲಿ ಕುಳಿತು ಕಾಲಿನಿಂದ ಮೃದುವಾಗಿ ತುಳಿಯುವಾಗ, ಆಟೋದಲ್ಲಿ ಒಯ್ಯುವಾಗ, ಕಹಿ ಮಾತ್ರೆ ನುಂಗಿಸಿದಾಗ ಸ್ವಲ್ಪ ಜೊಲ್ಲು ಬಂದು ನಿಂತರೆ ಚಿಂತೆಯಿಲ್ಲ. ಆದರೆ ನಮ್ಮ ಬೇಸಿಗೆಯಲ್ಲಿ ಬಾಯಿ ತೆರೆದು ಏದುಸಿರು ಬಿಡುತ್ತ ಜೊಲ್ಲು ಸುರಿಸಿದರೆ ಅದು ಬಿಸಿಲಿನ ಹೊಡೆತವಿರಬಹುದು: ನೆರಳಿಗೆ ತಂದು, ಮೈಗೆ ತಣ್ಣೀರು ಸವರಿ, ಫ್ಯಾನ್ ಹಾಕಿ, ತಡಮಾಡದೆ ಹೊರಡಿ. ಲಸಿಕೆಯಿಲ್ಲದ ಬೀದಿ ಬೆಕ್ಕು ಜೊಲ್ಲು ಸುರಿಸುತ್ತ ಕಾರಣವಿಲ್ಲದೆ ಮೇಲೆರಗಿದರೆ ಅದರ ಬಾಯಿಗೆ ಕೈ ಹಾಕಲೇಬೇಡಿ. ಕಚ್ಚಿದರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ಅಂದೇ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ.