ಪದಚರ್ಚೆ: ಕಟ್ಟೆಯ ಬಾತುಗಳಿಗೆ ‘ಫೀಡಿಂಗ್’ – ಕನ್ನಡದಲ್ಲಿ ಏನನ್ನೋಣ? ಶನಿವಾರದೊಳಗೆ ಬೇಕು

ನಂಜನಗೂಡು ತಾಲೂಕಿನಿಂದ:

ಗೆಳೆಯರೆ ನಮಸ್ಕಾರ,

ಹದಿನಾರು ಕೆರೆ ನಮ್ಮೂರಿಗೆ ದೂರವಲ್ಲ. ಚಳಿಗಾಲದಲ್ಲಿ ಅಲ್ಲಿಗೆ ಬರುವ ಹಕ್ಕಿಗಳಲ್ಲಿ ಒಂದಷ್ಟು ನಮ್ಮ ಕಟ್ಟೆಗೂ ಬಂದು ಇಳಿಯುತ್ತವೆ. ಸಣ್ಣ ಕಟ್ಟೆ, ಎರಡು ಎಕರೆಯೂ ಇಲ್ಲ. ದನ ಕುಡಿಯುವ ನೀರು. ಎರಡು ವರ್ಷದಿಂದ ಭಾನುವಾರ ಆದರೆ ಸಾಕು, ಕಾರಿನಲ್ಲಿ ಬಂದು ಏರಿಯ ಮೇಲೆ ನಿಂತು ಬ್ರೆಡ್ಡು, ಬನ್ನು, ಕಡ್ಲೆಪುರಿ ಎಸೆಯುವವರು ಜಾಸ್ತಿಯಾಗಿದ್ದಾರೆ. ಊರ ಮಕ್ಕಳೂ ಅದನ್ನೇ ಕಲಿತಿದ್ದಾರೆ. ಸೋಮವಾರ ಬೆಳಿಗ್ಗೆ ಹೋಗಿ ನೋಡಿ. ಗಾಳಿ ತಳ್ಳಿದ ಮೂಲೆಯಲ್ಲಿ ನೆನೆದು ಉಬ್ಬಿದ ಬ್ರೆಡ್ಡು ತೇಲುತ್ತಿರುತ್ತದೆ, ಅಂಚಿಗೆಲ್ಲ ಪಾಚಿ ಹಿಡಿದಿರುತ್ತದೆ, ಹುಳಿ ವಾಸನೆ ಬರುತ್ತದೆ. ದನ ಮೂಸಿ ನೋಡಿ ಬೇರೆ ಕಡೆ ಹೋಗುತ್ತವೆ.

ನಾವು ಹುಡುಗರೆಲ್ಲ ಸೇರಿ ಒಂದು ಬೋರ್ಡ್ ಹಾಕಿಸುತ್ತಿದ್ದೇವೆ. ನಾಲ್ಕಡಿಗೆ ಮೂರಡಿ ತಗಡು. ಬರೆಯುವವರು ಶನಿವಾರ ಬರುತ್ತಾರೆ. ಒಂದು ಇಂಗ್ಲಿಷ್ ಕರಪತ್ರ ನನ್ನ ಕೈಗೆ ಕೊಟ್ಟು ‘ಇದನ್ನ ಕನ್ನಡ ಮಾಡು’ ಅಂದಿದ್ದಾರೆ. ಮೂರು ಕಡೆ ಸಿಕ್ಕಿಕೊಂಡಿದ್ದೇನೆ.

ಒಂದು, ‘ಫೀಡಿಂಗ್’. ‘ಆಹಾರ ನೀಡುವುದು’ ಅಂತ ಎಲ್ಲ ಕಡೆ ಬರೆಯುತ್ತಾರೆ. ನಮ್ಮೂರಲ್ಲಿ ಯಾರೂ ಹಕ್ಕಿಗೆ ಆಹಾರ ನೀಡುವುದಿಲ್ಲ. ಕೋಳಿಗೆ ಕಾಳು ಹಾಕುತ್ತೇವೆ, ದನಕ್ಕೆ ಮೇವು ಹಾಕುತ್ತೇವೆ. ತಾಯಿ ಹಕ್ಕಿ ಮರಿಗೆ ಗುಟುಕು ಕೊಡುತ್ತದೆ. ಕೆರೆ ಹಕ್ಕಿಗೆ ಜನ ತಿನ್ನಲು ಎಸೆಯುವುದಕ್ಕೆ ಒಂದೇ ಪದ ಇದೆಯಾ? ಎರಡು, ‘ವೈಲ್ಡ್ ಡಕ್’. ಕಾಡುಬಾತು ಅನ್ನೋಣವೇ? ಮೂರು, ‘ಗೂಸ್’. ನಮ್ಮೂರಲ್ಲಿ ಅದನ್ನೂ ಬಾತು ಅಂತಲೇ ಕರೆಯುತ್ತಾರೆ, ಹೆಚ್ಚೆಂದರೆ ದೊಡ್ಡ ಬಾತು.

ದಯವಿಟ್ಟು ಬೇಗ ಹೇಳಿ.

ಮೈಸೂರು, ಸರಸ್ವತಿಪುರಂನಿಂದ:

ಗೂಸ್ ಎಂದರೆ ಹಂಸ. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ಜರ್ಮನ್ನಿನ ಗಾನ್ಸ್, ಲ್ಯಾಟಿನ್ನಿನ ಆನ್ಸರ್, ಇಂಗ್ಲಿಷಿನ ಗೂಸ್, ಸಂಸ್ಕೃತದ ಹಂಸ, ನಾಲ್ಕೂ ಒಂದೇ ಬೇರಿನ ಪದಗಳು. ಹಂಸ ಅಂದಕೂಡಲೇ ಕ್ಯಾಲೆಂಡರಿನ ಉದ್ದ ಕತ್ತಿನ ಬಿಳಿ ಹಕ್ಕಿ ಕಣ್ಣ ಮುಂದೆ ಬರುವುದು ಈಚಿನ ಅಭ್ಯಾಸ. ನಿಮ್ಮ ಪಕ್ಕದ ಸೋಮನಾಥಪುರಕ್ಕೆ ಹೋಗಿ, ದೇವಸ್ಥಾನದ ಹೊರಗೋಡೆಯ ಕೆಳಗಿನ ಸಾಲುಗಳನ್ನು ಕೂತು ನೋಡಿ. ಆನೆ, ಕುದುರೆ, ಬಳ್ಳಿ, ಕತೆಗಳು, ಮಕರ, ಆಮೇಲೆ ಹಂಸ. ಎದೆ ದಪ್ಪ, ಕತ್ತು ಗಿಡ್ಡ. ನನ್ನ ಕಣ್ಣಿಗೆ ಅದು ನಿಮ್ಮ ಕಟ್ಟೆಗೆ ಬರುವ ಹಕ್ಕಿಯೇ, ಬಾಲಕ್ಕೆ ಮಾತ್ರ ಶಿಲ್ಪಿ ಅಲಂಕಾರ ಮಾಡಿದ್ದಾನೆ.

ಸಂಸ್ಕೃತ ಬೇಡ ಅನ್ನುವವರಿಗೆ ತದ್ಭವವೂ ಇದೆ: ಅಂಚೆ. ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ, ಹಂಸ–ಅಂಚೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರು ಅಂಚೆಗೆ ಆ ಹೆಸರು ಬಂದಿದ್ದೂ ಇದರಿಂದಲೇ. ನಳನ ಸುದ್ದಿಯನ್ನು ದಮಯಂತಿಗೆ ಒಯ್ದದ್ದು ಹಂಸ ತಾನೆ? ಇಂಥ ಪದವನ್ನು ಬೋರ್ಡಿನ ಮೂಲಕ ಮತ್ತೆ ಬಳಕೆಗೆ ತರಬಹುದು.

ಮಂಡ್ಯದಿಂದ:

ಅಂಚೆ ಅಂದರೆ ಇವತ್ತು ಪೋಸ್ಟು. ಬೋರ್ಡಿಗೆ ಆಗಲ್ಲ.

ಎರಡು ಅಂಚೆಯೂ ಒಂದೇ ಪದ ಅನ್ನುವುದಕ್ಕೆ ಆಧಾರ ತೋರಿಸಿ ಸಾರ್, ದಮಯಂತಿಯ ಕತೆ ಆಧಾರ ಅಲ್ಲ. ಒಂದೇ ಥರ ಕೇಳಿಸಿದ ಮಾತ್ರಕ್ಕೆ ಒಂದೇ ಪದ ಆಗಿಬಿಡುವುದಿಲ್ಲ. ಮುಖ ಬಾತಿದೆ ಅನ್ನುವಾಗಿನ ಬಾತು ‘ಬಾವು’ ಇರುವ ಕಡೆಯದು. ವಾಂಗೀಬಾತಿನ ಬಾತ್ ಅನ್ನದ್ದು. ನೀರಲ್ಲಿ ಈಜುವ ಬಾತು ಮೂರನೆಯದು. ಮೂರಕ್ಕೂ ನಂಟಿಲ್ಲ.

ಮೈಸೂರು, ಕುಕ್ಕರಹಳ್ಳಿ ಕೆರೆಯ ಹತ್ತಿರದಿಂದ:

ಪದಕ್ಕೆ ಮೊದಲು ಹಕ್ಕಿ ಯಾವುದು ಅಂತ ನೋಡೋಣ. ನಿಮ್ಮ ಕಡೆ ಬರುವುದು ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಗೆರೆ ಇರುತ್ತವೆ, ಕೊಕ್ಕು ಅರಿಶಿನ ಕಿತ್ತಳೆ ಬಣ್ಣ, ತುದಿ ಮಾತ್ರ ಕಪ್ಪು. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ ಹಿಮಾಲಯ ದಾಟಿ ಇಲ್ಲಿಗೆ ಬರುತ್ತದೆ. ಅಲ್ಲಿ ಕತ್ತಿಗೆ ಪಟ್ಟಿ ಹಾಕಿ ಬಿಟ್ಟ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಹಗಲು ನೀರಿನಲ್ಲಿ ಸುಮ್ನೆ ಕೂತಿರುತ್ತದೆ, ಕತ್ತಲಾದ ಮೇಲೆ ಗದ್ದೆ ಹೊಲಕ್ಕೆ ಹೋಗಿ ಮೇಯುತ್ತದೆ.

ಹೆಬ್ಬಾತು ಒಳ್ಳೆ ಪದ. ಹಿರಿದು ಅನ್ನುವುದು ಹೆಬ್ಬಾವು, ಹೆಬ್ಬೆರಳು, ಹೆದ್ದಾರಿಗಳಲ್ಲಿ ಹೇಗೆ ಕೂಡಿಕೊಂಡಿದೆಯೋ ಇಲ್ಲೂ ಹಾಗೇ. ನಿಮ್ಮೂರಿನವರ ‘ದೊಡ್ಡ ಬಾತು’ ಕೂಡ ಅದೇ ಅರ್ಥ.

ಕಾಡುಬಾತು ಮಾತ್ರ ಬೇಡ. ಕಾಡುಕೋಳಿ, ಕಾಡುಹಂದಿ ಕಾಡಿನಲ್ಲಿವೆ, ಸರಿ. ಈ ಹಕ್ಕಿ ಕಾಡಿನ ಮುಖ ನೋಡುವುದಿಲ್ಲ. ಕೆರೆ, ಗದ್ದೆ, ಹಿನ್ನೀರು, ಅಷ್ಟೇ ಅದರ ಲೋಕ. ‘ವಲಸೆ ಬಾತು’ ಅಂದರೂ ತಪ್ಪು, ಚುಕ್ಕೆ ಕೊಕ್ಕಿನ ಬಾತು ವರ್ಷವಿಡೀ ಇಲ್ಲೇ ಇರುತ್ತದೆ, ಇಲ್ಲೇ ಮರಿ ಮಾಡುತ್ತದೆ. ಕೆರೆಯಲ್ಲಿ ತೇಲುವುದೆಲ್ಲ ಬಾತೂ ಅಲ್ಲ. ಹಣೆ ಮೇಲೆ ಬಿಳಿ ಇರುವ ಕಪ್ಪು ಹಕ್ಕಿ ನಾಮದಕೋಳಿ, ಪುಸಕ್ಕನೆ ಮುಳುಗಿ ಬೇರೆ ಕಡೆ ಏಳುವುದು ಗುಳುಮುಳುಕ. ಎಲ್ಲಕ್ಕೂ ಸೇರಿಸಿ ನೀರುಹಕ್ಕಿ ಅನ್ನಿ, ಮುಗಿಯಿತು.

ಬ್ರೆಡ್ಡು ಯಾಕೆ ಬೇಡ ಅನ್ನುವುದನ್ನೂ ಬರೆಯಿಸಿ. ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಸಿಗುವುದಿಲ್ಲ. ಬೇರೆ ದೇಶಗಳ ಉದ್ಯಾನದ ಕೊಳಗಳಲ್ಲಿ ಬೆಳೆಯುವ ಮರಿಗಳಿಗೆ ಇಂಥದ್ದನ್ನೇ ಹಾಕಿ ಹಾಕಿ ರೆಕ್ಕೆಯ ತುದಿ ಕೀಲಿನಲ್ಲಿ ತಿರುಚಿಕೊಂಡು ಹೊರಗೆ ಚಾಚುವ ತೊಂದರೆ ಕಂಡಿದೆ. ಅಂಥ ಹಕ್ಕಿ ಜೀವಮಾನದಲ್ಲಿ ಹಾರುವುದಿಲ್ಲ. ಒಂದೇ ಕಡೆ ಗುಂಪು ಸೇರುವುದರಿಂದ ರೋಗವೂ ಬೇಗ ಹರಡುತ್ತದೆ.

ಮೈಸೂರು, ವಿಜಯನಗರದಿಂದ:

ಎಲ್ಲರೂ ಬಾತು ಬಾತು ಅನ್ನುತ್ತಿದ್ದೀರಿ. ಬಾತು ಕನ್ನಡದ್ದೇ ಅಲ್ಲ. ಪೋರ್ಚುಗೀಸಿನಲ್ಲಿ ಪಾತೊ, ಅರಬಿಯಲ್ಲಿ ಬತ್, ಹಿಂದಿಯಲ್ಲಿ ಬತಖ್. ತೆಲುಗಿನ ಬಾತು, ತಮಿಳಿನ ವಾತ್ತು ಎಲ್ಲ ಆ ದಾರಿಯಲ್ಲೇ ಬಂದವು. ಯಾವ ಹಡಗಿನಲ್ಲಿ ಬಂತು ಅನ್ನುವುದು ನನಗೆ ಮುಖ್ಯವಲ್ಲ, ಹೊರಗಿನದು ಅನ್ನುವುದು ಮುಖ್ಯ. ಅದಕ್ಕೆ ‘ಹಿರಿದು’ ಅಂಟಿಸಿ ಹೆಬ್ಬಾತು ಮಾಡಿದರೆ ಅರಿಸಮಾಸ. ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜ ಒಪ್ಪುತ್ತಿರಲಿಲ್ಲ.

ಬ್ರೆಡ್ಡಿಗೂ ನಮ್ಮ ಪದ ಕಟ್ಟಬಹುದು: ಹುದುಗುರೊಟ್ಟಿ. ‘ಆಹಾರ’, ‘ನಿಷೇಧ’ ಎರಡೂ ಸಂಸ್ಕೃತ, ತೆಗೆಯಿರಿ. ರಂಗನತಿಟ್ಟು ಅನ್ನುವ ಹೆಸರಿನಲ್ಲೇ ‘ತಿಟ್ಟು’ ಎಷ್ಟು ಚೆನ್ನಾಗಿದೆ! ಅಂಥ ಜಾಗವನ್ನು 1940ರಲ್ಲಿ ಕಾಪಾಡಲು ಹೊರಟವರು ಹೆಸರಿಗೆ ಮಾತ್ರ ‘ಪಕ್ಷಿಧಾಮ’ ಹಚ್ಚಿದರು. ಹಕ್ಕಿಬೀಡು ಅನ್ನಬಹುದಿತ್ತು. ಒಂದೊಂದು ಎರವಲೂ ಒಂದೊಂದು ಕನ್ನಡ ಪದದ ಜಾಗ ಕಸಿಯುತ್ತದೆ, ಇದು ನನಗೆ ನಿಜಕ್ಕೂ ನೋವಿನ ವಿಷಯ.

ಮಂಡ್ಯದಿಂದ:

ಕೇಶಿರಾಜನ ಅರಿಸಮಾಸ ಸಂಸ್ಕೃತಕ್ಕೂ ಕನ್ನಡಕ್ಕೂ ಸಮಾಸ ಮಾಡುವ ವಿಚಾರ. ಪೋರ್ಚುಗೀಸಿಗೆ ಎಳೆಯಬೇಡಿ.

ಹುದುಗುರೊಟ್ಟಿ ಬೇಡವೇ ಬೇಡ. ನಮ್ಮ ಕಡೆ ರೊಟ್ಟಿ ಅಂದರೆ ಅಕ್ಕಿ ರೊಟ್ಟಿ, ರಾಗಿ ರೊಟ್ಟಿ. ಬೇಕರಿಯಿಂದ ಪ್ಯಾಕೆಟ್ ತಂದವರು ಆ ಬೋರ್ಡ್ ಓದಿ, ಇದು ತಮಗೆ ಹೇಳಿದ್ದಲ್ಲ ಅಂದುಕೊಂಡು ಎಸೆದು ಹೋಗುತ್ತಾರೆ. ಆಗ ಹಕ್ಕಿಗೆ ಆಗುವ ಕಷ್ಟಕ್ಕೆ ಯಾರು ಹೊಣೆ?

ಎರವಲು ಪದ ನಮ್ಮದಾಗಿದೆಯೋ ಇಲ್ಲವೋ ಅನ್ನುವುದಕ್ಕೆ ನಾಲಿಗೆಯೇ ಸಾಕ್ಷಿ. ಕೊನೆಯ ವ್ಯಂಜನದ ಹಿಂದೆ ಹ್ರಸ್ವ ಇದ್ದರೆ ಆ ವ್ಯಂಜನ ಇಮ್ಮಡಿಯಾಗಿ ಉಕಾರ ಬರುತ್ತದೆ: ಬಸ್ಸು, ಬನ್ನು, ಬ್ರೆಡ್ಡು. ದೀರ್ಘ ಇದ್ದರೆ ಬರೀ ಉಕಾರ: ಕಾರು, ರೋಡು. ಯಾರೂ ಕಲಿಸದೆ ಹಳ್ಳಿಯ ಅಜ್ಜಿ ಈ ನಿಯಮ ಪಾಲಿಸುತ್ತಾಳೆ. ಬ್ರೆಡ್ಡಿನ, ಬ್ರೆಡ್ಡಿಗೆ ಅಂತ ವಿಭಕ್ತಿಯೂ ಹತ್ತಿದೆ. ಇನ್ನೇನು ಪುರಾವೆ ಬೇಕು? ಬಾತು ಅಂತೂ ಹಳೇ ನೆಂಟ, ಅದನ್ನು ಈಗ ಹೊರಗೆ ಕಳಿಸುವುದು ಅನ್ಯಾಯ.

ಮಳವಳ್ಳಿ ಕಡೆಯಿಂದ:

ನೀವಿಬ್ಬರೂ ಎರವಲಿನ ಜಗಳ ಆಮೇಲೆ ಆಡಿ. ಆ ಹುಡುಗ ಕೇಳಿದ್ದು ‘ಫೀಡಿಂಗ್’ ಬಗ್ಗೆ.

ನನ್ನ ಮಟ್ಟಿಗೆ ‘ಮೇವು’ ಸರಿ. ಮೇ ಅನ್ನುವುದು ಹಳೆಯ ಧಾತು. ಮೇಯು, ಮೇವು, ಮೇಯಿಸು. ಮೇವು ದನಕ್ಕೆ ಮಾತ್ರ ಅಂತ ಯಾರು ಹೇಳಿದರು? ಅಂಗಳದಲ್ಲಿ ಕೋಳಿ ಮೇಯುತ್ತದೆ. ಕೊಯ್ಲಾದ ಗದ್ದೆಗೆ ಬಾತಿನ ಮಂದೆ ಹೊಡೆದುಕೊಂಡು ಬರುವವರು ‘ಬಾತು ಮೇಯಿಸ್ತೀವಿ’ ಅಂತಲೇ ಅನ್ನುತ್ತಾರೆ. ಹೆಬ್ಬಾತಂತೂ ಹುಲ್ಲನ್ನೇ ಕಿತ್ತು ತಿನ್ನುವ ಹಕ್ಕಿ.

‘ನೀಡು’ ಬಗ್ಗೆಯೂ ಒಂದು ಮಾತು. ಅದರ ಮೊದಲ ಅರ್ಥ ಚಾಚು. ಕೈ ನೀಡು ಅನ್ನುವುದಿಲ್ಲವೇ? ಉತ್ತರ ಕರ್ನಾಟಕದಲ್ಲಿ ಊಟ ನೀಡುತ್ತಾರೆ, ನಾವು ಬಡಿಸುತ್ತೇವೆ. ಏರಿಯ ಮೇಲಿಂದ ಬ್ರೆಡ್ಡು ಎಸೆಯುವುದು ನೀಡುವುದೂ ಅಲ್ಲ, ಬಡಿಸುವುದೂ ಅಲ್ಲ.

ಇನ್ನೊಂದು. ಕಟ್ಟೆ ಅನ್ನುವುದನ್ನು ಬೋರ್ಡಿನಲ್ಲಿ ‘ಕೊಳ’ ಮಾಡಬೇಡಿ. ನಮ್ಮ ದಾಸನದೊಡ್ಡಿಯ ಕಾಮೇಗೌಡರು ಬೆಟ್ಟದಲ್ಲಿ ಪ್ರಾಣಿ ಪಕ್ಷಿ ಕುಡಿಯಲಿ ಅಂತ ತೋಡಿದ್ದನ್ನು ಜನ ಕಟ್ಟೆ, ಕೆರೆ ಅಂತಲೇ ಕರೆದರು.

ನಂಜನಗೂಡು ತಾಲೂಕಿನಿಂದ:

ಎಲ್ಲರಿಗೂ ವಂದನೆ. ಶನಿವಾರ ಬೋರ್ಡ್ ಬರೆದಾಯಿತು.

ಶುಕ್ರವಾರ ಸಂಜೆ ನಿಮ್ಮ ಉತ್ತರಗಳನ್ನೆಲ್ಲ ಬರೆದುಕೊಂಡು ಏರಿಯ ಮೇಲೆ ಕೂತಿದ್ದೆ. ‘ಮೇವು ಹಾಕಬೇಡಿ’ ಅಂತ ನಾಲ್ಕೈದು ಜನಕ್ಕೆ ಓದಿ ಹೇಳಿದೆ. ‘ಯಾಕೆ, ದನ ಕಟ್ಟೋ ಹಂಗಿಲ್ವಾ?’ ಅಂತ ಒಬ್ಬರು ಕೇಳಿದರು. ಹಾಗಾಗಿ ಅದು ಬೇಡ ಅನ್ನಿಸಿತು. ಅಷ್ಟರಲ್ಲಿ ಕುರಿ ಹೊಡೆದುಕೊಂಡು ಬಂದ ಅಜ್ಜಿಯೊಬ್ಬರು ನೀರಿನ ಕಡೆ ನೋಡಿ, ‘ಅವು ಮೇಯ್ಕಂಡ್ ಹೋಗ್ತವೆ ಕಣಪ್ಪ, ನೀವ್ಯಾಕೆ ಹಾಕೀರಿ?’ ಅಂದರು.

ನಾನು ಎರಡು ದಿನದಿಂದ ಹುಡುಕುತ್ತಿದ್ದದ್ದು ಆ ಒಂದು ಮಾತಿನಲ್ಲಿ ಸಿಕ್ಕಿತು. ಇಂಗ್ಲಿಷಿನ ‘ಫೀಡ್’ ಎರಡು ಕಡೆಗೂ ಓಡಾಡುತ್ತದೆ. ಹಕ್ಕಿ ತಾನೇ ತಿಂದರೂ ಫೀಡ್, ನಾವು ಹಾಕಿದರೂ ಫೀಡ್. ಅದಕ್ಕೇ ನಾನು ಕನ್ನಡದಲ್ಲೂ ಒಂದೇ ಪದ ಬೇಕು ಅಂದುಕೊಂಡಿದ್ದೆ. ನಮ್ಮಲ್ಲಿ ಹಕ್ಕಿಯ ಕೆಲಸಕ್ಕೆ ಮೇಯು ಇದೆ, ಜನರ ಕೆಲಸಕ್ಕೆ ಹಾಕು ಇದೆ. ಒಂದೇ ಪದ ಹುಡುಕಿ ಎರಡನ್ನೂ ಅದರೊಳಗೆ ತುರುಕಬೇಕಾಗಿಲ್ಲ. ಮಳವಳ್ಳಿಯವರ ಧಾತು ಸರಿ, ಅದಕ್ಕೆ ಕರ್ತೃ ಮಾತ್ರ ಹಕ್ಕಿಯೇ ಆಗಬೇಕು.

ಬೋರ್ಡಿನಲ್ಲಿ ಹೀಗಿದೆ:

ನೀರುಹಕ್ಕಿಗಳಿಗೆ ಬ್ರೆಡ್ಡು, ಬನ್ನು, ಕಡ್ಲೆಪುರಿ ಹಾಕಬೇಡಿ.
ಬಾತು, ಹೆಬ್ಬಾತುಗಳು ತಾವೇ ಮೇಯ್ದುಕೊಳ್ಳುತ್ತವೆ.
ಬ್ರೆಡ್ಡು ಕೊಳೆತರೆ ಕಟ್ಟೆಯ ನೀರು ಕೆಡುತ್ತದೆ. ದನಗಳೂ ಇದೇ ನೀರು ಕುಡಿಯುತ್ತವೆ.

ರೆಕ್ಕೆ ತಿರುಚುವ ವಿಷಯ ಬರೆಯಲು ಜಾಗ ಸಾಲಲಿಲ್ಲ. ಅದನ್ನು ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತೇನೆ. ‘ಹಕ್ಕಿಗೆ ಹಾಕಿದರೆ ಪುಣ್ಯ ಅಲ್ವಾ’ ಅಂತ ಕೇಳುವ ದೊಡ್ಡವರೂ ಇದ್ದಾರೆ. ಅವರಿಗೆ, ಗುಬ್ಬಿಗೆ ಭತ್ತದ ತೆನೆ ಕಟ್ಟಿ, ಕಟ್ಟೆಯನ್ನು ಅದರ ಪಾಡಿಗೆ ಬಿಡಿ ಅಂತ ಕೇಳಿಕೊಳ್ಳುತ್ತಿದ್ದೇನೆ. ಬೋರ್ಡ್ ಬರೆಯುವವರು ಮೊದಲು ‘ಬ್ರೆಡ್’ ಅಂತ ಬರೆದಿದ್ದರು. ಮಂಡ್ಯದ ಸಾರ್ ಹೇಳಿದ ನಿಯಮ ಅವರಿಗೆ ತೋರಿಸಿದೆ. ‘ನಾವು ಮಾತಾಡೋದೂ ಹಂಗೇ ಅಲ್ವಾ’ ಅಂತ ಹೇಳಿ ಕೆಳಗೊಂದು ಡಕಾರದ ಒತ್ತು, ಉಕಾರ ಸೇರಿಸಿದರು.

ವಿಜಯನಗರದವರಿಗೆ: ‘ಆಹಾರ’, ‘ನಿಷೇಧ’ ಎರಡೂ ಬೋರ್ಡಿನಲ್ಲಿ ಇಲ್ಲ. ಸರಸ್ವತಿಪುರಂ ಸಾರ್, ಅಂಚೆಯ ಚರ್ಚೆ ಬೇರೆ ತಲೆಬರಹದಲ್ಲಿ ಶುರು ಮಾಡಿ, ನಾನೂ ಓದುತ್ತೇನೆ.

ಈಗ ಇನ್ನೊಂದು ಪ್ರಶ್ನೆ. ಶಾಲೆಗೆ ಹಕ್ಕಿಗಳ ಹೆಸರಿನ ಸಣ್ಣ ಪಟ್ಟಿ ಮಾಡುತ್ತಿದ್ದೇನೆ. ‘ಪಟ್ಟೆತಲೆ’ ಅಂದರೆ ನಮ್ಮ ಮಕ್ಕಳು ಪಟ್ಟೆಸೀರೆಯ ಪಟ್ಟೆ ಅಂದುಕೊಳ್ಳುತ್ತಿದ್ದಾರೆ, ರೇಷ್ಮೆಯಂಥ ತಲೆ ಅಂತ. ‘ಗೆರೆತಲೆ ಹೆಬ್ಬಾತು’ ಅಂದರೆ ಯಾರಿಗಾದರೂ ತಕರಾರು ಇದೆಯೇ? ಇದಕ್ಕೆ ಅವಸರವಿಲ್ಲ, ಹಕ್ಕಿಗಳು ಮಾರ್ಚ್‌ವರೆಗೆ ಇರುತ್ತವೆ.