ಪದಚರ್ಚೆ: ಸಂಬಳವಿಲ್ಲದೆ ಸಂಘ ನಡೆಸಿದವರನ್ನು ಏನೆಂದು ಕರೆಯೋಣ? (ಗೌರವ, ಮನ್ನಣೆ, ಮಾನ್ಯತೆ)

ಎಲ್ಲರಿಗೂ ನಮಸ್ಕಾರ.

ಒಂದು ಸನ್ಮಾನ ಪತ್ರದ ಕನ್ನಡ ಬರೆದುಕೊಡಬೇಕಿದೆ. ಕೊಡುತ್ತಿರುವುದು ವಾಕ್ ಮತ್ತು ಶ್ರವಣ ತಜ್ಞರ ಒಂದು ಸಂಘ. ನಾವು ಮಾತಿನಲ್ಲಿ ಸ್ಪೀಚ್ ಥೆರಪಿಸ್ಟ್, ಆಡಿಯಾಲಜಿಸ್ಟ್ ಅಂತೀವಲ್ಲ, ಅವರದು. ಪಡೆಯುತ್ತಿರುವವರು ಬಹಳ ವರ್ಷ ಅದರ ಕಾರ್ಯದರ್ಶಿಯಾಗಿದ್ದ ಒಬ್ಬರು ಮೇಡಂ. ಇಂಗ್ಲಿಷ್ ಕರಡಿನಲ್ಲಿ ಪುರಸ್ಕಾರದ ಹೆಸರು ‘ವಾಲಂಟಿಯರ್ ಲೀಡರ್‌ಶಿಪ್ ರೆಕಗ್ನಿಷನ್’ ಎಂದಿದೆ. ಮೂರು ಪದಕ್ಕೂ ನಿಘಂಟಿನಲ್ಲಿ ಕನ್ನಡ ಸಿಗುತ್ತದೆ. ಜೋಡಿಸಿದರೆ ‘ಸ್ವಯಂಸೇವಾ ನಾಯಕತ್ವ ಗುರುತಿಸುವಿಕೆ’. ವೇದಿಕೆಯ ಮೇಲೆ ಇದನ್ನು ಗಟ್ಟಿಯಾಗಿ ಓದಿದರೆ ಕೂತವರಿಗೆ ಏನೂ ತಲುಪುವುದಿಲ್ಲ.

ಮೇಡಂ ಏನು ಮಾಡಿದರು ಅಂತ ಹೇಳಿದರೆ ನನ್ನ ಪ್ರಶ್ನೆ ಸ್ಪಷ್ಟವಾಗಬಹುದು. ಒಂದು ತಾಲ್ಲೂಕಿನಲ್ಲಿ ಕಿವಿ ತಪಾಸಣೆ ಶಿಬಿರ. ಕಿವಿ ಪರೀಕ್ಷೆಗೆ ಮೊದಲು ಬೇಕಾದ್ದು ನಿಶ್ಶಬ್ದ. ಕೊಟ್ಟ ಕೋಣೆಯ ಪಕ್ಕದಲ್ಲೇ ಜನರೇಟರ್. ಅವರು ಇಡೀ ಕಟ್ಟಡ ಸುತ್ತಿ, ಹಿಂದುಗಡೆಯ ಒಂದು ತರಗತಿ ಕೋಣೆ ಹುಡುಕಿದರು. ಕಿಟಕಿಗಳಿಗೆ ಕಂಬಳಿ ಕಟ್ಟಿಸಿದರು. ಮಧ್ಯಾಹ್ನದವರೆಗೆ ಗಂಟೆ ಬಾರಿಸಬೇಡಿ ಅಂತ ಹೆಡ್‌ಮಾಸ್ಟರರನ್ನು ಒಪ್ಪಿಸಿದರು. ಕಿವಿ ಪರೀಕ್ಷಿಸುವ ಯಂತ್ರದ (ಆಡಿಯೋಮೀಟರ್) ಮುಂದೆ ಕೂತವರು ಬೇರೆಯವರು. ಯಾವ ಮಗುವಿಗೆ ಶ್ರವಣಯಂತ್ರ ಬೇಕು, ಯಾವ ತಾಯಿಗೆ ಮತ್ತೆ ಫೋನ್ ಮಾಡಬೇಕು ಎನ್ನುವ ಪಟ್ಟಿ ಮಾತ್ರ ಇವರ ಬ್ಯಾಗಿನಲ್ಲಿ ಇರುತ್ತಿತ್ತು. ವಾರ್ಷಿಕ ಸಮ್ಮೇಳನ ಬಂದರೆ ಒಪಿಡಿ ಮುಗಿಸಿ ಬಂದು ರಾತ್ರಿ ಪ್ರಬಂಧಗಳ ಸಾರಾಂಶ ಓದುವುದು, ಹಾಲ್ ಬುಕ್ ಮಾಡುವುದು, ಲೆಕ್ಕ ಒಪ್ಪಿಸುವುದು. ಇದಕ್ಕೆಲ್ಲ ಸಂಬಳ ಇಲ್ಲ. ಸಂಘದ ಕಡತದಲ್ಲಿ ಅವರ ಹುದ್ದೆಯ ಹೆಸರು ‘ಗೌರವ ಕಾರ್ಯದರ್ಶಿ’.

ನನ್ನ ತೊಡಕು ಶುರುವಾಗುವುದೇ ಈ ‘ಗೌರವ’ದಿಂದ.

ಕನ್ನಡ ಸಾಹಿತ್ಯ ಪರಿಷತ್ತಿನಲ್ಲೂ ಗೌರವ ಕಾರ್ಯದರ್ಶಿ, ಗೌರವ ಕೋಶಾಧ್ಯಕ್ಷ ಎಂಬ ಹುದ್ದೆಗಳಿವೆ. ಅಲ್ಲಿ ‘ಗೌರವ’ ಅಂದರೆ ಸಂಬಳ ಇಲ್ಲ, ಕೆಲಸ ಪೂರ್ತಿ ಇದೆ. ಆದರೆ ಊರಿನ ಯಾವುದೇ ಸಮಿತಿಯ ಆಮಂತ್ರಣ ಪತ್ರಿಕೆ ತೆಗೆದು ನೋಡಿ. ‘ಗೌರವಾಧ್ಯಕ್ಷರು’ ಅಂತ ಮೇಲೆ ಅಚ್ಚಾಗಿರುವವರು ಹೆಚ್ಚಾಗಿ ದೊಡ್ಡ ಹೆಸರಿನವರು, ದಿನದ ಕೆಲಸ ಮಾಡುವವರಲ್ಲ. ಒಂದೇ ಪದ ಕಾರ್ಯದರ್ಶಿಯ ಹಿಂದೆ ಬಂದರೆ ದುಡಿಯುವವರು, ಅಧ್ಯಕ್ಷರ ಹಿಂದೆ ಬಂದರೆ ದುಡಿಯಬೇಕಿಲ್ಲದವರು! ‘ಗೌರವ ಸಂಪಾದಕರು’ ಅಂದಾಗ ಎರಡರಲ್ಲಿ ಯಾವುದು ಅಂತ ಓದುಗರಿಗೆ ಗೊತ್ತೇ ಆಗುವುದಿಲ್ಲ. ಮೂರನೆಯದು, ಕರ್ನಾಟಕ ಸಾಹಿತ್ಯ ಅಕಾಡೆಮಿ ಕೊಡುವ ‘ಗೌರವ ಪ್ರಶಸ್ತಿ’. ಅಲ್ಲಿ ಗೌರವ ಅಂದರೆ ಜೀವಮಾನದ ಸಾಧನೆಗೆ ಸಲ್ಲುವ ಮರ್ಯಾದೆ. ನಾಲ್ಕನೆಯದು ‘ಗೌರವಧನ’. ಅದು ಸಂಬಳ ಅನ್ನಿಸಿಕೊಳ್ಳದ ಸಂಬಳ.

ಅಮೆರಿಕನ್ ಸ್ಪೀಚ್-ಲ್ಯಾಂಗ್ವೇಜ್-ಹಿಯರಿಂಗ್ ಅಸೋಸಿಯೇಷನ್ ಕೊಡುವ ಅತಿ ದೊಡ್ಡ ಪುರಸ್ಕಾರದ ಹೆಸರು ‘ಹಾನರ್ಸ್ ಆಫ್ ದಿ ಅಸೋಸಿಯೇಷನ್’. ಕನ್ನಡದಲ್ಲಿ ‘ಸಂಘದ ಗೌರವ’ ಅನ್ನಬೇಕಾಗುತ್ತದೆ. ನಮ್ಮ ಮೇಡಂ ಸಂಘದ ಮಾದರಿಯೂ ಅದೇ. ಹಾಗಾಗಿ ಕರಡಿನ ಒಂದು ಸಾಲು ಹೀಗೆ ಬರುತ್ತದೆ: ‘ಗೌರವ ಕಾರ್ಯದರ್ಶಿಗಳ ಗೌರವ ಸೇವೆಗೆ ಸಂಘದ ಗೌರವ.’ ಮೂರು ಗೌರವ, ಮೂರೂ ಬೇರೆ. ದುಡಿಮೆ ಮಾತ್ರ ಎಲ್ಲೂ ಕಾಣುವುದಿಲ್ಲ.

ಅದೇ ಅಮೆರಿಕನ್ ಸಂಘದ ಚಿಕ್ಕ ಹೆಸರು ‘ಆಶಾ’. ಕನ್ನಡದಲ್ಲಿ ಆಶಾ ಅಂದ ಕೂಡಲೇ ನೆನಪಾಗುವುದು ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ. ಬರೀ ಅಕ್ಷರ ತಾಳೆಯಾಗುವ ವಿಷಯವಲ್ಲ ಇದು. 2005ರ ಗ್ರಾಮೀಣ ಆರೋಗ್ಯ ಮಿಷನ್‌ನಿಂದ ಈಚೆಗೆ ಇವರು ಸರ್ಕಾರದ ಕಾಗದದಲ್ಲಿ ನೌಕರರಲ್ಲ, ಸ್ವಯಂಸೇವಕಿಯರು. ಬರುವುದು ಗೌರವಧನ ಮತ್ತು ಪ್ರೋತ್ಸಾಹಧನ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ‘ಗ್ಲೋಬಲ್ ಹೆಲ್ತ್ ಲೀಡರ್ಸ್’ ಪ್ರಶಸ್ತಿಯನ್ನು ಇವರಿಗೆ ಕೊಟ್ಟಿತು. 10 ಲಕ್ಷಕ್ಕೂ ಜಾಸ್ತಿ ಮಹಿಳಾ ವಾಲಂಟಿಯರ್‌ಗಳು ಎಂದೇ ಕರೆಯಿತು. ಅಂದರೆ ವಾಲಂಟಿಯರ್, ಲೀಡರ್, ಪುರಸ್ಕಾರ, ನನ್ನ ಕರಡಿನ ಮೂರೂ ಪದ ಅಲ್ಲಿವೆ. ಆದರೆ ನಿಶ್ಚಿತ ವೇತನ ಕೊಡಿ ಅಂತ ಬೀದಿಗಿಳಿದ ಹೆಣ್ಣುಮಕ್ಕಳೂ ಅವರೇ. ತಜ್ಞರ ಸಂಘದ ಕಾರ್ಯದರ್ಶಿಗೆ ಬೇರೆ ಕಡೆ ಸಂಬಳ ಬರುತ್ತದೆ, ಸಂಘದ ಕೆಲಸವನ್ನು ಅವರೇ ಆರಿಸಿಕೊಂಡಿರುತ್ತಾರೆ. ಆಶಾ ಕಾರ್ಯಕರ್ತೆಗೆ ಅದೇ ಜೀವನೋಪಾಯ. ಇಬ್ಬರಿಗೂ ‘ಸ್ವಯಂಸೇವೆ’ ಎಂಬ ಒಂದೇ ಪದ ಹಚ್ಚುವುದು ನನಗೆ ನ್ಯಾಯ ಅನ್ನಿಸುವುದಿಲ್ಲ. ಆ ಪದವನ್ನು ಮೇಡಂ ಪತ್ರದಲ್ಲಿ ಬಳಸಲು ನನಗೆ ಮನಸ್ಸಿಲ್ಲದಿರುವುದಕ್ಕೆ ಇದೇ ಮುಖ್ಯ ಕಾರಣ.

ಇನ್ನೊಂದು ಕಾರಣವೂ ಇದೆ. ಸ್ವಯಂಸೇವಕರು ಅಂದರೆ ಸಮ್ಮೇಳನದಲ್ಲಿ ಬ್ಯಾಡ್ಜ್ ಹಾಕಿಕೊಂಡು ಊಟದ ಸಾಲು ನೋಡಿಕೊಳ್ಳುವ ಹುಡುಗರು ಕಣ್ಣಿಗೆ ಬರುತ್ತಾರೆ. ಅದು ದೊಡ್ಡ ಕೆಲಸವೇ, ಆದರೆ ಹೇಳಿದ್ದನ್ನು ಮಾಡುವ ಕೆಲಸ. ಇಲ್ಲಿರುವುದು ಏನು ಮಾಡಬೇಕು ಅಂತ ತೀರ್ಮಾನಿಸಿ, ಹತ್ತು ಜನರನ್ನು ಕೂಡಿಸಿ, ತಪ್ಪಾದರೆ ಹೊಣೆ ಹೊರುವ ಕೆಲಸ.

ಬೇರೆ ಪದ ಹುಡುಕಿದೆ. ‘ಕಾರ್ಯಕರ್ತ’ ಪಕ್ಷದ ಕಡೆ ಎಳೆಯುತ್ತದೆ. ‘ಪದಾಧಿಕಾರಿ’ ಸರಿಯಾದ ಪದ, ಆದರೆ ಕುರ್ಚಿ ಹೇಳುತ್ತದೆ, ಕೆಲಸ ಹೇಳುವುದಿಲ್ಲ. ಕರಾವಳಿಯಲ್ಲಿ ಬ್ರಹ್ಮಕಲಶದ ಹೊತ್ತಿಗೆ ‘ಕರಸೇವೆ’ ಅಂತಾರೆ. ಕೇಳಲು ಚೆನ್ನಾಗಿದೆ, ಆದರೆ ದೇವಸ್ಥಾನಕ್ಕೆ ಅಂಟಿಕೊಂಡಿದೆ. ಹೊಲದ ‘ಮುಯ್ಯಾಳು’ ತಿರುಗಿ ಬಂದು ತೀರಿಸಬೇಕಾದ ಲೆಕ್ಕ. ‘ಮುಖಂಡ’ ಬೇಡವೇ ಬೇಡ. ನನಗೆ ಒಗ್ಗಿದ್ದು ‘ಮುಂದಾಳು’. ಪತ್ರಿಕೆಗಳಲ್ಲಿ ‘ಅವರ ಮುಂದಾಳತ್ವದಲ್ಲಿ’ ಅಂತ ಈಗಲೂ ಬರೆಯುತ್ತಾರೆ. ‘ನಾಯಕತ್ವ’ಕ್ಕಿಂತ ಇದರಲ್ಲಿ ಮುಂದೆ ನಿಂತು ಮಾಡಿದ ಅರ್ಥ ಜಾಸ್ತಿ.

ಈಗ ‘ರೆಕಗ್ನಿಷನ್’. ಇದರಲ್ಲಿ ನನಗೆ ಅನುಮಾನವಿಲ್ಲ, ಆದರೂ ಹೇಳಿಬಿಡುತ್ತೇನೆ. ಸಂಘದ ಒಬ್ಬರು ‘ಮಾನ್ಯತೆ’ ಎಂದು ಸೂಚಿಸಿದ್ದಾರೆ. ಈ ವೃತ್ತಿಯಲ್ಲಿ ಮಾತ್ರ ಅದು ಖಂಡಿತ ಬೇಡ. ಭಾರತೀಯ ಪುನರ್ವಸತಿ ಪರಿಷತ್ತು 1992ರ ಕಾಯ್ದೆಯಡಿ ಈ ಕೋರ್ಸುಗಳಿಗೆ ಕೊಡುವುದು ಮಾನ್ಯತೆ. ಅಂಥ ಕೋರ್ಸ್ ಮುಗಿಸಿ, ಅಲ್ಲಿ ಹೆಸರು ನೋಂದಾಯಿಸಿಕೊಂಡವರು ಮಾತ್ರ ಕೆಲಸ ಮಾಡಬಹುದು. ‘ಮೇಡಂಗೆ ಮಾನ್ಯತೆ’ ಅಂತ ಅಚ್ಚಾದರೆ ಇಷ್ಟು ದಿನ ಇರಲಿಲ್ಲವೇ ಅಂತ ಕೇಳುವ ಹಾಗಾಗುತ್ತದೆ. ಅಮೆರಿಕದ ಸಂಘ ಎರಡನ್ನೂ ಕೊಡುತ್ತದೆ, ಬೇರೆ ಬೇರೆಯಾಗಿ. ವೃತ್ತಿ ಮಾಡಲು ಅರ್ಹರು ಅಂತ ‘ಸರ್ಟಿಫಿಕೇಟ್ ಆಫ್ ಕ್ಲಿನಿಕಲ್ ಕಾಂಪಿಟೆನ್ಸ್’ ಕೊಡುವುದು ಮಾನ್ಯತೆ. ‘ಫೆಲೋ’ ಮಾಡುವುದು, ‘ಹಾನರ್ಸ್’ ಕೊಡುವುದು ಮನ್ನಣೆ. ಮೂಲ ಒಂದೇ ಇದ್ದರೂ ಕನ್ನಡ ಈ ಎರಡನ್ನೂ ಚೆನ್ನಾಗಿ ಬಿಡಿಸಿಟ್ಟಿದೆ. ನಾವು ಕೂಡಿಸಿ ಕೆಡಿಸಬಾರದು ಅಲ್ವಾ? ಅಂದಹಾಗೆ ‘ಫೆಲೋಶಿಪ್’ ಅಂತ ಕನ್ನಡದಲ್ಲಿ ಹಾಗೇ ಬಿಟ್ಟರೆ ಸಂಶೋಧನೆಗೆ ತಿಂಗಳು ತಿಂಗಳು ಬರುವ ಹಣ ಅಂತಲೇ ಜನ ತಿಳಿಯುತ್ತಾರೆ. ‘ಗಣ್ಯ ಸದಸ್ಯತ್ವ’ ಹೇಗೆ?

ವೃತ್ತಿಯ ಹೆಸರಿನ ಬಗ್ಗೆಯೂ ಒಂದು ಮಾತು. ಅಮೆರಿಕದ ಸಂಘ 1925ರಲ್ಲಿ ಹುಟ್ಟಿದಾಗ ಅದರ ಹೆಸರಿನಲ್ಲಿ ಇದ್ದದ್ದು ಮಾತು ತಿದ್ದುವುದು ಮಾತ್ರ. 1947ರಲ್ಲಿ ಕಿವಿ ಸೇರಿತು, 1978ರಲ್ಲಿ ಭಾಷೆ ಸೇರಿತು. ಮೈಸೂರಿನಲ್ಲಿ 1965ರಲ್ಲಿ ಶುರುವಾದ ನಮ್ಮ ಸಂಸ್ಥೆ ‘ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ’. ಹಾಗಾಗಿ ಕನ್ನಡದಲ್ಲಿ ‘ವಾಕ್-ಶ್ರವಣ’ ಎಂಬ ಜೋಡಿ ನೆಲೆನಿಂತಿದೆ. ಭಾಷೆ ಬಿಟ್ಟುಹೋಗಿದೆ ಅನ್ನುವವರಿದ್ದಾರೆ. ಆದರೂ ಜನರ ಬಾಯಲ್ಲಿ ಇರುವುದನ್ನೇ ಈ ಪತ್ರದಲ್ಲಿ ಇಡುತ್ತೇನೆ.

ಪುರಸ್ಕಾರದ ಹೆಸರಿಗೆ ‘ಮುಂದಾಳು ಮನ್ನಣೆ’ ಎಂದು ಬರೆದಿದ್ದೇನೆ. ಸಂಬಳ ಪಡೆದಿಲ್ಲ ಅನ್ನುವುದನ್ನು ಹೆಸರಿನಲ್ಲಿ ತುರುಕದೆ ಒಳಗೆ ಹೇಳಿದ್ದೇನೆ. ‘ಉಚಿತವಾಗಿ’, ‘ನಿಸ್ವಾರ್ಥ ಸೇವೆ’ ಎರಡನ್ನೂ ಬಿಟ್ಟೆ. ಮೊದಲನೆಯದು ಅಗ್ಗ ಮಾಡುತ್ತದೆ, ಎರಡನೆಯದನ್ನು ಎಲ್ಲ ಸನ್ಮಾನ ಪತ್ರದಲ್ಲೂ ಸುಮ್ನೆ ಹಾಕಿಬಿಡುತ್ತಾರೆ. ನನ್ನ ಕರಡು ಇದು:

‘ನಿಮ್ಮ ವೃತ್ತಿಯ ಕೆಲಸ ಮುಗಿದ ಮೇಲೆ ಉಳಿದ ಹೊತ್ತನ್ನು ಈ ಸಂಘಕ್ಕೆ ಕೊಟ್ಟಿರಿ. ಸಂಬಳ ಕೇಳದೆ, ಮುಂದೆ ನಿಂತು ಸಂಘ ನಡೆಸಿದಿರಿ. ಶಿಬಿರಕ್ಕೆ ಜಾಗ ಹುಡುಕುವುದರಿಂದ ಹಿಡಿದು ಮಗುವಿನ ಮನೆಗೆ ಫೋನ್ ಮಾಡುವವರೆಗೆ ಹೊಣೆ ನಿಮ್ಮದಾಗಿತ್ತು. ಅದಕ್ಕಾಗಿ ಈ ಮುಂದಾಳು ಮನ್ನಣೆ.’

ನಿಮ್ಮಲ್ಲಿ ಕೇಳುವುದು ಎರಡು. ‘ಸಂಬಳ ಕೇಳದೆ’ ಎಂಬಲ್ಲಿ, ಕೇಳಿದ್ದರೆ ಕೊಡುತ್ತಿದ್ದರು ಎಂಬ ಧ್ವನಿ ಬರುತ್ತದೆಯೇ? ‘ಸಂಬಳವಿಲ್ಲದೆ’ ಅಂದರೆ ಅವರೇ ಆರಿಸಿಕೊಂಡದ್ದು ಮರೆಯಾಗುತ್ತದೆ ಅಂತ ನನ್ನ ಅಳುಕು. ಎರಡನೆಯದು, ಹಳೆಯ ಸಂಘಗಳ ಬಿನ್ನವತ್ತಳೆಗಳನ್ನು ಜೋಪಾನವಾಗಿ ಇಟ್ಟವರಿದ್ದರೆ, ಇಂಥವರಿಗೆ ಯಾವ ಪದ ಬಳಸುತ್ತಿದ್ದರು ಅಂತ ನೋಡಿ ಹೇಳಿ. ಹುಬ್ಬಳ್ಳಿ, ಕಲಬುರಗಿ ಕಡೆಯ ಮಾನಪತ್ರಗಳಾದರೆ ಇನ್ನೂ ಒಳ್ಳೆಯದು. ಆ ಕಡೆಯ ಬಳಕೆ ನನ್ನ ಕೈಗೆ ಸಿಕ್ಕಿದ್ದು ಕಡಿಮೆ.