ಪದಚರ್ಚೆ: ಸದ್ದು, ಬೆಳಕು, ವಾಸನೆ ‘ಆಗಿಬರದವರಿಗೆ’ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಯಾಕೆ ಬೇಕು ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಬರೀ ಇಂಗ್ಲಿಷ್ ಪದ ಕೊಟ್ಟು ಕೇಳಿದರೆ ನಿಘಂಟಿನ ಪದ ಬಂದುಬಿಡುತ್ತದೆ. ಅಂಥವು ನನ್ನ ಹತ್ತಿರ ಆಗಲೇ ಇವೆ, ಆದರೆ ಕೆಲಸಕ್ಕೆ ಬರುತ್ತಿಲ್ಲ.

ಬೆಂಗಳೂರಿನಲ್ಲಿ ಮಕ್ಕಳಿಗೆ ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ) ಕೊಡುವ ಪರಿಚಯದವರೊಬ್ಬರು ಇದ್ದಾರೆ. ಅಪ್ಪ ಅಮ್ಮಂದಿರಿಗೆ ಕೊಡಲು ಎರಡು ಪುಟದ ಒಂದು ಹಾಳೆ ಕನ್ನಡದಲ್ಲಿ ಬರೆದುಕೊಡಿ ಅಂತ ಕೇಳಿದ್ದಾರೆ. ವಿಷಯ ‘ಸೆನ್ಸರಿ ಸೆನ್ಸಿಟಿವಿಟಿ’. ಮಿಕ್ಸಿ ಸದ್ದು, ಟ್ಯೂಬ್‌ಲೈಟ್ ಬೆಳಕು, ಅಂಗಿಯ ಕತ್ತಿನ ಹತ್ತಿರದ ಲೇಬಲ್, ಅಗರಬತ್ತಿ ವಾಸನೆ, ಇವೆಲ್ಲ ಬೇರೆಯವರಿಗೆ ಲೆಕ್ಕಕ್ಕೇ ಬರುವುದಿಲ್ಲ. ಕೆಲವರಿಗೆ ಮಾತ್ರ ತಡೆಯಲಾಗದಷ್ಟು ಜೋರಾಗಿ ತಟ್ಟುತ್ತವೆ. ಮಕ್ಕಳಿಗೆ ಮಾತ್ರ ಬರುವಂಥದ್ದಲ್ಲ ಇದು. ನನಗೂ ಚಿಕ್ಕಂದಿನಿಂದ ಇದೆ. ದರ್ಶಿನಿಯಲ್ಲಿ ಸ್ಟೀಲ್ ತಟ್ಟೆಗಳನ್ನು ರಾಶಿ ಹಾಕುವ ಸದ್ದಿಗೆ ನನ್ನ ಇಡೀ ಮೈ ಬಿಗಿದುಕೊಳ್ಳುತ್ತದೆ. ಕೆ.ಆರ್. ಮಾರುಕಟ್ಟೆಯಲ್ಲಿ ಹೂವು, ಹೊಗೆ, ಜನ, ಹಾರನ್ನು ಎಲ್ಲ ಒಟ್ಟಿಗೆ ಬಂದರೆ ಏನು ಕೊಳ್ಳಲು ಹೋಗಿದ್ದೆ ಅನ್ನುವುದೇ ಮರೆತುಹೋಗುತ್ತದೆ. ಹಾಗಾಗಿ ಈ ಪದದ ಬಗ್ಗೆ ನನಗೆ ಕಾಳಜಿ ಜಾಸ್ತಿ.

ಮೊದಲು ಎಲ್ಲರಿಗೂ ಹೊಳೆಯುವುದು ‘ಸೂಕ್ಷ್ಮ’. ಈ ಪದಕ್ಕೆ ಈಗಾಗಲೇ ತುಂಬಾ ಕೆಲಸಗಳಿವೆ. ಸೂಕ್ಷ್ಮದರ್ಶಕ, ಸೂಕ್ಷ್ಮಜೀವಿ ಅಂದಾಗ ಅದು ಗಾತ್ರದ ಮಾತು. ಪರಿಸರ ಸೂಕ್ಷ್ಮ ವಲಯ ಅಂದರೆ ಪಶ್ಚಿಮ ಘಟ್ಟ ಕಣ್ಣ ಮುಂದೆ ಬರುತ್ತದೆ. ಚುನಾವಣೆ ಬಂತೆಂದರೆ ಪತ್ರಿಕೆಗಳಲ್ಲಿ ‘ಅತಿಸೂಕ್ಷ್ಮ ಮತಗಟ್ಟೆ’. ‘ನಿಮ್ಮ ಮಗುವಿಗೆ ಅತಿಸೂಕ್ಷ್ಮತೆ ಇದೆ’ ಅಂತ ಬರೆದರೆ ಓದುವ ಅಮ್ಮನಿಗೆ ಏನು ಅರ್ಥವಾದೀತು? ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಮನುಷ್ಯರಿಗೆ ಹೇಳಿದಾಗ ಸೂಕ್ಷ್ಮ ಅನ್ನುವುದು ಮನಸ್ಸಿನ ಮಾತಾಗುತ್ತದೆ. ‘ಅವಳು ತುಂಬಾ ಸೂಕ್ಷ್ಮ’ ಅಂದರೆ ಬೇಗ ನೊಂದುಕೊಳ್ಳುತ್ತಾಳೆ, ನೋಡಿಕೊಂಡು ಮಾತಾಡಿ ಅಂತ. ಕೆಲವು ಮನೆಗಳಲ್ಲಿ ಹೊಗಳಿಕೆ, ಕೆಲವು ಮನೆಗಳಲ್ಲಿ ದೂರು. ಎರಡೂ ಸ್ವಭಾವದ ಬಗ್ಗೆಯೇ. ನಮಗೆ ಬೇಕಿರುವುದು ಮೈ ಬಗ್ಗೆ ಹೇಳುವ ಪದ.

‘ಸಂವೇದನಾಶೀಲ’ ಕೂಡ ಹೀಗೇ. ಅದು ಕವಿಗಳಿಗೆ, ಒಳ್ಳೆಯ ಅಧಿಕಾರಿಗಳಿಗೆ ಸಲ್ಲುವ ವಿಶೇಷಣ. ‘ಸಂವೇದಿ’ ಮಾತ್ರ ಒಂದು ಕಡೆ ಸರಿಯಾಗಿ ಬಳಕೆಗೆ ಬಂದಿದೆ, ದೂರಸಂವೇದಿ ಉಪಗ್ರಹ ಅನ್ನುವಲ್ಲಿ. ಅಲ್ಲಿ ಅದಕ್ಕೆ ಮನಸ್ಸಿನ ಸೋಂಕಿಲ್ಲ. ‘ಅತಿಸಂವೇದಿ’ ಅಂತ ಮಾಡಬಹುದು. ಆದರೆ ಸಾಮಾನ್ಯ ಓದುಗರಿಗೆ ಸಂವೇದನೆಗಿಂತ ಮೊದಲು ವೇದನೆಯೇ ಕಾಣುತ್ತದೆ. ಅದು ನೋವು ಅಂತಲೇ ಅವರ ಓದು.

‘ಚುರುಕು’ ಅಂದರೆ ಹೇಗೆ ಅಂತ ಸ್ನೇಹಿತರೊಬ್ಬರು ಕೇಳಿದರು. ಕಿವಿ ಚುರುಕು, ಮೂಗು ಚುರುಕು. ಕೇಳಲು ಚೆನ್ನಾಗಿದೆ, ಆದರೆ ಅರ್ಥ ತಪ್ಪುತ್ತದೆ. ಚುರುಕು ಕಿವಿ ಅಂದರೆ ಬೇರೆಯವರಿಗೆ ಕೇಳದ ಸಣ್ಣ ಸದ್ದೂ ಕೇಳುವ ಕಿವಿ. ಇಲ್ಲಿ ಹಾಗಲ್ಲ. ಇಂಥವರಲ್ಲಿ ಎಷ್ಟೋ ಜನರಿಗೆ ಕಿವಿ ಪರೀಕ್ಷೆ ಮಾಡಿಸಿದರೆ ಫಲಿತಾಂಶ ಎಲ್ಲರಂತೆಯೇ ಬರುತ್ತದೆ. ಕೇಳಿಸುವುದು ಎಲ್ಲರಿಗೆ ಕೇಳಿಸುವಷ್ಟೇ. ಬಂದ ಸದ್ದನ್ನು ಮಿದುಳು ಬೇಕು ಬೇಡ ಅಂತ ಬೇರ್ಪಡಿಸಿ ಹಿಂದಕ್ಕೆ ಸರಿಸುತ್ತದಲ್ಲ, ಆ ಕೆಲಸ ಬೇರೆ ಥರ ನಡೆಯುತ್ತದೆ. ಇದನ್ನು ವಿವರಿಸಲು ಹೊರಟವರಲ್ಲಿ ಮೊದಲಿಗರು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಐರ್ಸ್. ಈ ಬಗ್ಗೆ ಅವರ ಮುಖ್ಯ ಪುಸ್ತಕ ಬಂದದ್ದು 1972ರಲ್ಲಿ. ಅಮೆರಿಕದ ಮನೋವೈದ್ಯರ ಸಂಘ ಆಟಿಸಂ (ಬೇರೆಯವರೊಂದಿಗೆ ಬೆರೆಯುವ, ಮಾತಾಡುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವುದು) ಗುರುತಿಸುವ ಲಕ್ಷಣಗಳ ಪಟ್ಟಿಗೆ ಇದನ್ನು ಸೇರಿಸಿದ್ದು 2013ರಲ್ಲಿ. ಅಲ್ಲಿ ಜಾಸ್ತಿ ತಟ್ಟುವುದು, ಕಡಿಮೆ ತಟ್ಟುವುದು ಎರಡೂ ಇವೆ. ಇಷ್ಟು ಹೊಸ ವಿಚಾರಕ್ಕೆ 1894ರ ಕಿಟೆಲ್ ನಿಘಂಟಿನಲ್ಲಿ ಸಿದ್ಧ ಪದ ಹುಡುಕುವುದು ನ್ಯಾಯವಲ್ಲ. ಇನ್ನೊಂದು ಮಾತು, ಇದು ಇರುವವರೆಲ್ಲ ಆಟಿಸಂ ಇರುವವರಲ್ಲ. ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದಿರುವುದು, ಚಡಪಡಿಕೆ) ಇರುವವರಲ್ಲಿ ಕಾಣುತ್ತದೆ, ಅರೆತಲೆನೋವು ಬರುವವರಲ್ಲಿ ಕಾಣುತ್ತದೆ, ಬೇರೆ ಏನೂ ಇಲ್ಲದವರಲ್ಲೂ ಕಾಣುತ್ತದೆ. ಆದ್ದರಿಂದ ಪದಕ್ಕೆ ಕಾಯಿಲೆಯ ಬಣ್ಣ ಬರಬಾರದು.

ಹುಡುಕುತ್ತಾ ಹೋದಾಗ ಒಂದು ವಿಷಯ ನನಗೆ ತುಂಬಾ ಖುಷಿ ಕೊಟ್ಟಿತು. ಕನ್ನಡದಲ್ಲಿ ನಾಮಪದ ಇಲ್ಲದಿರಬಹುದು, ಕ್ರಿಯಾಪದಗಳು ಬೇಕಾದಷ್ಟಿವೆ. ಒಂದೊಂದು ಇಂದ್ರಿಯಕ್ಕೂ ಬೇರೆ ಬೇರೆ. ಬೆಳಕು ಕಣ್ಣು ಕುಕ್ಕುತ್ತದೆ. ಪಟಾಕಿ ಕಿವಿಗಡಚಿಕ್ಕುತ್ತದೆ. ಪಕ್ಕದ ಮನೆಯ ಡ್ರಿಲ್ಲಿಂಗ್ ತಲೆ ಕೊರೆಯುತ್ತದೆ. ಉಣ್ಣೆ ಕಡಿಯುತ್ತದೆ, ಜರಿ ಚುಚ್ಚುತ್ತದೆ, ಒಗ್ಗರಣೆ ಘಾಟು ಅಡರುತ್ತದೆ. ತಟ್ಟೆಗೆ ಚಮಚ ಉಜ್ಜಿದರೆ ಹಲ್ಲು ಜುಂ ಅನ್ನುತ್ತದೆ. ಮುಟ್ಟುವುದರಲ್ಲೂ ಎಷ್ಟು ಮೆಟ್ಟಿಲುಗಳು ನೋಡಿ: ಸೋಕು, ತಾಕು, ಸವರು, ನೇವರಿಸು, ಒತ್ತು, ಅಮುಕು. ಹಾಳೆಗೆ ಇದು ನಿಜವಾಗಿ ಉಪಯೋಗಕ್ಕೆ ಬಂತು. ಎಷ್ಟೋ ಮಕ್ಕಳಿಗೆ ಮೆಲ್ಲಗೆ ಸವರಿದರೆ ಆಗುವುದಿಲ್ಲ, ಗಟ್ಟಿಯಾಗಿ ಅಮುಕಿ ಹಿಡಿದರೆ ಸಮಾಧಾನವಾಗುತ್ತದೆ. ‘ಲೈಟ್ ಟಚ್’, ‘ಡೀಪ್ ಪ್ರೆಷರ್’ ಅಂತ ಆ ಥೆರಪಿಸ್ಟ್ ಹೇಳಿದ್ದನ್ನು ನಾನು ‘ಸವರಬೇಡಿ, ಅಮುಕಿ’ ಅಂತ ಬರೆದೆ. ಯಾವ ಅಜ್ಜಿಗೂ ಅರ್ಥವಾಗುತ್ತದೆ.

ಈ ಕ್ರಿಯಾಪದಗಳಲ್ಲಿ ಇನ್ನೊಂದು ಗುಣವಿದೆ. ಕುಕ್ಕುವುದು ಬೆಳಕು, ಚುಚ್ಚುವುದು ಜರಿ. ಕಣ್ಣಿನದೋ ಚರ್ಮದ್ದೋ ತಪ್ಪು ಅಂತ ವಾಕ್ಯ ಹೇಳುವುದಿಲ್ಲ. ‘ನನಗೆ ಆಗಲ್ಲ’, ‘ನನಗೆ ಆಗಿಬರಲ್ಲ’ ಅನ್ನುವುದೂ ಅಷ್ಟೇ. ಬದನೆಕಾಯಿ ಆಗಿಬರಲ್ಲ ಅಂದವರಿಗೆ ಯಾರೂ ಕೊಬ್ಬು ಅನ್ನುವುದಿಲ್ಲ, ಬೇರೆ ಪಲ್ಯ ಮಾಡಿ ಬಡಿಸುತ್ತಾರೆ. ಅರೆತಲೆನೋವಿನಲ್ಲಿ ‘ಬೆಳಕು ಆಗಲ್ಲ’ ಅಂದರೆ ಮನೆಯವರು ಸುಮ್ನೆ ಕಿಟಕಿ ಮುಚ್ಚುತ್ತಾರೆ. ಅದೇ ಮಾತನ್ನು ಮದುವೆ ಛತ್ರದಲ್ಲಿ ಗಟ್ಟಿಮೇಳದ ಹೊತ್ತಿಗೆ ಕಿವಿ ಮುಚ್ಚಿಕೊಂಡ ಹುಡುಗಿಗೂ ಯಾಕೆ ಒಪ್ಪಬಾರದು? ಛತ್ರದ ಗೋಡೆಗಳಿಗೆ ಬಡಿದು ವಾಲಗ ಇನ್ನೂ ಜೋರಾಗಿ ಕೇಳುತ್ತದೆ. ಆದರೂ ಅವಳಿಗೆ ಬೀಳುವುದು ‘ಎಂಥಾ ನಾಜೂಕು ಇವಳದ್ದು’ ಅನ್ನುವ ಮಾತು.

ಹಾಳೆಯ ಒಳಗೆಲ್ಲ ಹಾಗಾಗಿ ‘ಆಗಿಬರಲ್ಲ’ ಅಂತಲೇ ಬಳಸಿದ್ದೇನೆ. ಆದರೆ ತಲೆಬರಹಕ್ಕೆ, ಶಾಲೆಗೆ ಕೊಡುವ ಪತ್ರಕ್ಕೆ ಒಂದು ನಾಮಪದ ಬೇಕು. ನನ್ನ ಒಲವು ‘ತಾಳಿಕೆ’ ಕಡೆಗಿದೆ. ಸದ್ದಿನ ತಾಳಿಕೆ, ಬೆಳಕಿನ ತಾಳಿಕೆ, ವಾಸನೆಯ ತಾಳಿಕೆ. ‘ಈ ಮಗುವಿಗೆ ಸದ್ದಿನ ತಾಳಿಕೆ ಕಡಿಮೆ.’ ಇದನ್ನು ‘ತಾಳ್ಮೆ’ಯಿಂದ ಬೇರೆ ಇಡುವುದು ನನಗೆ ಬಹಳ ಮುಖ್ಯ. ಎರಡೂ ‘ತಾಳು’ ಅನ್ನುವುದರಿಂದಲೇ ಬಂದವು. ಆದರೆ ತಾಳ್ಮೆ ಇಲ್ಲ ಅಂದರೆ ಬೈಗುಳ, ತಾಳಿಕೆ ಕಡಿಮೆ ಅಂದರೆ ಬರೀ ವಿವರ. ಬರ ತಾಳಿಕೊಳ್ಳುವ ತಳಿ ಅಂತ ಕೃಷಿ ಬರಹಗಳಲ್ಲಿ ಓದುತ್ತೇವೆ, ತಾಳಿಕೊಳ್ಳದ ತಳಿಗೆ ಯಾರೂ ಸಿಟ್ಟಾಗುವುದಿಲ್ಲ. ಒಂದು ಕೊರತೆ ಇದೆ. ಬಿದ್ದು ಮಂಡಿ ಕಿತ್ತುಹೋದರೂ ಗೊತ್ತಾಗದೆ ಆಡುತ್ತಿರುವ ಮಗುವಿದೆಯಲ್ಲ, ಅದಕ್ಕೆ ‘ತಾಳಿಕೆ ಜಾಸ್ತಿ’ ಅಂದರೆ ಅದು ಶಕ್ತಿ ಅನ್ನಿಸಿಬಿಡುತ್ತದೆ. ಗಾಯ ನೋಡಿಕೊಳ್ಳುವುದು ತಪ್ಪಿಹೋದೀತು. ಅದಕ್ಕೆ ಬೇರೆ ಪದವೇ ಬೇಕೇನೋ.

ಇನ್ನು ‘ಮೆಲ್ಟ್‌ಡೌನ್’. ಎಲ್ಲ ಒಟ್ಟಿಗೆ ಮೇಲೆ ಬಿದ್ದು ಮಗು ಇನ್ನು ಆಗದು ಅನ್ನುವ ಹಂತ ಮುಟ್ಟಿ ಕೂಗಿ ಅಳುವುದು. ನಮ್ಮಲ್ಲಿ ತಕ್ಷಣ ಬರುವ ಪದ ‘ಹಠ’. ಅದು ಇಲ್ಲಿ ಖಂಡಿತ ಬೇಡ. ಹಠದಲ್ಲಿ ಒಂದು ಬೇಡಿಕೆ ಇರುತ್ತದೆ, ಚಾಕೊಲೇಟ್ ಕೊಟ್ಟರೆ ನಿಲ್ಲುತ್ತದೆ. ಇದು ಏನು ಕೊಟ್ಟರೂ ನಿಲ್ಲುವುದಿಲ್ಲ. ಸದ್ದು ಬೆಳಕು ಕಡಿಮೆಯಾಗಬೇಕು, ಹೊತ್ತು ಹೋಗಬೇಕು. ನನಗೆ ಸರಿ ಕಂಡದ್ದು ‘ರಚ್ಚೆ’. ‘ಮಗು ರಚ್ಚೆ ಹಿಡಿದಿದೆ’ ಅಂದಾಗ ಕೇಳಿದವರು ಮಗುವನ್ನು ಗದರುವುದಿಲ್ಲ. ಏನೋ ಆಗಿದೆ ಪಾಪ, ಎತ್ತಿಕೊಂಡು ಆಚೆ ಹೋಗಿ ಅನ್ನುತ್ತಾರೆ. ನಾಮಕರಣ, ಗೃಹಪ್ರವೇಶಗಳಿಂದ ಬಂದ ರಾತ್ರಿ ಮಕ್ಕಳು ರಚ್ಚೆ ಹಿಡಿದರೆ ದೃಷ್ಟಿ ತಾಗಿದೆ ಅಂತ ದೊಡ್ಡವರು ನಿವಾಳಿಸುತ್ತಿದ್ದರು. ಕಾರಣ ಬೇರೆ ಹೇಳಿದರೂ, ಜನ ಗದ್ದಲ ಜಾಸ್ತಿಯಾದ ದಿನವೇ ಹೀಗಾಗುತ್ತದೆ ಅನ್ನುವುದನ್ನು ಅವರು ಸರಿಯಾಗಿ ಗಮನಿಸಿದ್ದರು ಅಂತ ನನಗೆ ಅನ್ನಿಸುತ್ತದೆ. ತೊಂದರೆ ಏನೆಂದರೆ ರಚ್ಚೆ ಪುಟ್ಟ ಮಕ್ಕಳಿಗೆ ಸರಿ, ಹದಿನೈದರ ಹುಡುಗನಿಗೆ ಹೇಗೆ ಹೇಳುವುದು? ದೊಡ್ಡವರು ‘ತಲೆ ಚಿಟ್ಟು ಹಿಡೀತು’ ಅನ್ನುತ್ತೇವೆ. ನನ್ನ ಅನುಭವಕ್ಕೆ ಅದು ಹತ್ತಿರವಿದೆ. ಆದರೆ ಬೇಜಾರಿಗೂ ಅದನ್ನೇ ಬಳಸಿ ಬಳಸಿ ಅದರ ಬಲ ಕಡಿಮೆಯಾಗಿದೆ.

ಸದ್ದಿನ ಪದಗಳ ಬಗ್ಗೆ ಒಂದು ಎಚ್ಚರಿಕೆ. ‘ಶಬ್ದಮಾಲಿನ್ಯ’ ಅನ್ನುವುದನ್ನು ಇಲ್ಲಿ ತರಬೇಡಿ ಅಂತ ಕೇಳಿಕೊಳ್ಳುತ್ತೇನೆ. ಅದು ಜೋರಿನ ಲೆಕ್ಕ. 2000ದ ಕೇಂದ್ರ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45 ಅಂತ ಮಿತಿ ಇದೆ. ಒಳ್ಳೆಯದೇ, ಇನ್ನೂ ಬಿಗಿಯಾಗಿ ಜಾರಿಯಾಗಲಿ. ಆದರೆ ಪಕ್ಕದಲ್ಲಿ ಕುಳಿತವರು ಬಾಯಿ ಚಪ್ಪರಿಸುವ ಸದ್ದು, ಸೊರ್ ಅಂತ ಕಾಫಿ ಹೀರುವ ಸದ್ದು ಯಾವ ಮಿತಿಯನ್ನೂ ದಾಟುವುದಿಲ್ಲ. ಕೆಲವರಿಗೆ ತಡೆಯಲಾಗದ್ದು ಅದೇ. ಇದಕ್ಕೆ ‘ಮಿಸೊಫೋನಿಯಾ’ ಅನ್ನುವ ಹೆಸರು ಬಂದದ್ದು 2001ರಲ್ಲಿ. ಇಂಥ ಮೆಲುಸದ್ದಿಗೆ ‘ಸಪ್ಪಳ’ ಅನ್ನುವುದು ನನಗೆ ಹಿತವಾಗಿ ಕೇಳುತ್ತದೆ. ಹಾಗೆಯೇ ಶಾಲೆಯಲ್ಲಿ ಇಂಥ ಮಕ್ಕಳು ಸ್ವಲ್ಪ ಹೊತ್ತು ಕೂರುವ ಕೋಣೆಗೆ ‘ಮೌನ ಕೊಠಡಿ’ ಬೇಡ, ಧ್ಯಾನ ಮಂದಿರ ಅನ್ನಿಸುತ್ತದೆ. ‘ಸದ್ದಿಲ್ಲದ ಕೋಣೆ’ ಸಾಕಲ್ವಾ?

ಹಾಳೆ ದೀಪಾವಳಿಗೆ ಮೊದಲು ಮನೆಗಳಿಗೆ ತಲುಪಬೇಕು, ಪಟಾಕಿ ಶುರುವಾದ ಮೇಲೆ ಕೊಟ್ಟು ಪ್ರಯೋಜನವಿಲ್ಲ. ಹಾಗಾಗಿ ‘ತಾಳಿಕೆ’ ನಿಮಗೆ ಒಪ್ಪಿಗೆಯೇ, ಅಥವಾ ಅದರಲ್ಲಿ ನನಗೆ ಕಾಣದ ಇನ್ನೇನಾದರೂ ಅರ್ಥ ನಿಮ್ಮ ಕಿವಿಗೆ ಕೇಳುತ್ತದೆಯೇ, ದಯವಿಟ್ಟು ತಿಳಿಸಿ. ಧಾರವಾಡ, ಕಲಬುರಗಿ, ಮಂಗಳೂರು, ಕುಂದಾಪುರ ಕಡೆಯವರು ನಿಮ್ಮ ಮನೆಮಾತಿನ ಪದಗಳನ್ನು ಹಾಗೇ ಕಳಿಸಿ, ತಿದ್ದಿ ಶಿಷ್ಟ ಮಾಡಬೇಡಿ. ರಚ್ಚೆಗೆ ದೊಡ್ಡವರ ಮಟ್ಟದಲ್ಲಿ ಏನಾದರೂ ಪದ ನಿಮ್ಮಲ್ಲಿದ್ದರೆ ಅದು ನನಗೆ ಎಲ್ಲಕ್ಕಿಂತ ಮೊದಲು ಬೇಕು.